ಮರಳಿ ಬಂದವರಿಗೆ ಕಲ್ಲಿಲ್ಲ

ಹೊಸಪೇಟೆಯಿಂದ ಚಿತ್ರದುರ್ಗದತ್ತ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಕೊಟ್ಟೂರು, ಮೇಲಕ್ಕೆ ಹಗರಿಬೊಮ್ಮನಹಳ್ಳಿ, ತುಂಗಭದ್ರೆಯ ಕಡೆಗೆ ಹೂವಿನಹಡಗಲಿ, ಮತ್ತೆ ದಕ್ಷಿಣಕ್ಕಿಳಿದರೆ ಹರಪನಹಳ್ಳಿ. ಬಳ್ಳಾರಿಯವರು ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’ ಎಂದು ಕರೆಯುತ್ತಿದ್ದ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜೋಳ, ಶೇಂಗಾ, ಮೆಕ್ಕೆಜೋಳದ ಹೊಲಗಳು, ನಡುನಡುವೆ ಬೋಳು ಗುಡ್ಡಗಳು, ಮಳೆಗಾಗಿ ಕಾಯುವ ಕೆರೆಗಳು. ಬಸ್ಸಿನ ಕಿಟಕಿಯಿಂದ ಕಾಣುವುದು ಇಷ್ಟೇ.

ಬಸ್ಸಿನಿಂದ ಇಳಿದು ಯಾವುದಾದರೂ ಹಳೆಯ ಗುಡಿಯ ಹಿಂದಕ್ಕೋ ಕೆರೆ ಏರಿಯ ಮೇಲಕ್ಕೋ ಹೋದವರಿಗೆ ಬೇರೊಂದು ನೋಟ ಎದುರಾಗುತ್ತದೆ. ಅರ್ಧ ಮಣ್ಣಿನಲ್ಲಿ ಹೂತ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿರಿದು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅದೇ ವೀರ. ತುರು ಕದ್ದೊಯ್ಯಲು ಬಂದವರನ್ನು ಅಡ್ಡಗಟ್ಟಿ ಸತ್ತವನಿಗೂ, ಊರ ಗಡಿಗಾಗಿ ಮಡಿದವನಿಗೂ ಕನ್ನಡ ನಾಡು ಇಂಥ ಕಲ್ಲು ನಿಲ್ಲಿಸಿದೆ.

ಆದರೆ ಕಾಳಗಕ್ಕೆ ಹೋಗಿ, ಶತ್ರುವಿನ ಕೈಗೆ ಸಿಕ್ಕಿ, ಸೆರೆಯಲ್ಲಿ ದಿನ ಎಣಿಸಿ, ಒಂದು ದಿನ ಊರಿಗೆ ಮರಳಿ ಬಂದವನಿಗೆ ಕಲ್ಲಿಲ್ಲ. ಬಂದ ದಿನ ಕಾಲಿಗೆ ನೀರು ಕೊಟ್ಟು, ಆರತಿ ಎತ್ತಿ, ದೃಷ್ಟಿ ತೆಗೆದು ಒಳಕ್ಕೆ ಕರೆದುಕೊಂಡಿರಬಹುದು. ಮರುದಿನ ಅವನು ಹೊಲಕ್ಕೆ ಹೋದ. ಅಲ್ಲಿಗೆ ಕಥೆ ಮುಗಿಯಿತು. ಈ ಐದು ಊರುಗಳ ದಾರಿಯಲ್ಲಿ ಅಂಥವರ ನೆನಪನ್ನು ಹುಡುಕುತ್ತ ಹೋದರೆ ಸಿಗುವುದು ಅಲ್ಪ. ಸಿಕ್ಕಿದ್ದು ಮಾತ್ರ ಅಮೂಲ್ಯ.

ಕೂಡ್ಲಿಗಿಯ ಸ್ಮಾರಕ

ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ತಾಲ್ಲೂಕಿನ ಸ್ವಾತಂತ್ರ್ಯ ಹೋರಾಟಗಾರರು ಅದನ್ನು ಭಕ್ತಿಯಿಂದ ತಂದು ಇಲ್ಲಿ ಕಾಪಾಡಿದರು. 1934ರ ಮಾರ್ಚಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯ ಅಂಗವಾಗಿ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳನ್ನು ಹಾದು ಸಂಡೂರಿನತ್ತ ಹೋಗಿದ್ದರು. ಅವರು ನಡೆದ ನೆಲದಲ್ಲೇ ಅವರ ಭಸ್ಮವೂ ನೆಲೆಸಿತು.

ಈ ಸೀಮೆಯ ಹೋರಾಟಗಾರರಿಗೆ ಸೆರೆಮನೆಯೆಂದರೆ ಮೊದಲು ನೆನಪಾಗುತ್ತಿದ್ದುದು ಬಳ್ಳಾರಿಯ ಅಲ್ಲೀಪುರ ಜೈಲು. ಅಂದು ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ, ತೆಲುಗು, ತಮಿಳು, ಮಲಯಾಳ ಮಾತನಾಡುವ ಸತ್ಯಾಗ್ರಹಿಗಳು ಅಲ್ಲಿ ಒಂದೇ ಗೋಡೆಯೊಳಗೆ ಕೂಡಿದರು. ಅವರು ಕೋವಿ ಹಿಡಿದ ಯೋಧರಲ್ಲ. ಆದ್ದರಿಂದ ಕಾನೂನಿನ ಅರ್ಥದಲ್ಲಿ ಯುದ್ಧಕೈದಿಗಳೂ ಅಲ್ಲ. ಆದರೂ ದೇಶದ ಹೋರಾಟದಲ್ಲಿ ಸೆರೆಸಿಕ್ಕು ಮನೆಗೆ ಮರಳಿದವರೆಂದರೆ ಇಲ್ಲಿನ ಹಳ್ಳಿಗಳಿಗೆ ಮೊದಲು ಕಂಡವರು ಅವರೇ.

1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, ಕೇಂದ್ರ ಸರ್ಕಾರ ಇವರಿಗಾಗಿ ಪಿಂಚಣಿ ಯೋಜನೆ ತಂದಿತು. ಕನಿಷ್ಠ ಆರು ತಿಂಗಳ ಸೆರೆವಾಸಕ್ಕೆ ದಾಖಲೆ ಬೇಕಿತ್ತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮುಂದೆ ಮೂರು ತಿಂಗಳು ಸಾಕೆಂದಾಯಿತು. ಜೈಲಿನ ಕಾಗದ ಸಿಗದಿದ್ದಲ್ಲಿ ಜೊತೆಯಲ್ಲಿ ಸೆರೆಯಲ್ಲಿದ್ದವರು ಬರೆದುಕೊಟ್ಟ ಪ್ರಮಾಣಪತ್ರಕ್ಕೂ ಬೆಲೆಯಿತ್ತು. ‘ಇವನು ನನ್ನೊಡನೆ ಒಳಗಿದ್ದ’ ಎಂದು ಒಬ್ಬ ಮುದುಕ ಮತ್ತೊಬ್ಬ ಮುದುಕನ ಪರವಾಗಿ ಸಾಕ್ಷಿ ಹೇಳಬೇಕಾಗುತ್ತಿತ್ತು. ನೆನಪೇ ದಾಖಲೆಯಾದ ಸಂದರ್ಭ ಅದು. ಸಾಕ್ಷಿ ಹೇಳಬಲ್ಲ ಆ ತಲೆಮಾರು ಈಗ ಬಹುಮಟ್ಟಿಗೆ ಕಣ್ಮರೆಯಾಗಿದೆ.

ಬಳ್ಳಾರಿಗೆ ಬಂದ ಪರದೇಶಿ ಸೆರೆಯಾಳುಗಳು

ಈ ತಾಲ್ಲೂಕುಗಳ ಜನ ಕೋರ್ಟು, ಕಚೇರಿ, ಸಂತೆಗೆಂದು ಹೋಗುತ್ತಿದ್ದ ಬಳ್ಳಾರಿ ಸತ್ಯಾಗ್ರಹಿಗಳಿಗಿಂತ ಮೊದಲೇ ಸೆರೆಯಾಳುಗಳ ಊರಾಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಬೋಯರ್ ರೈತರನ್ನು ಸೆರೆಹಿಡಿದು ಹಡಗಿನಲ್ಲಿ ಭಾರತಕ್ಕೆ ಕಳಿಸಿದಾಗ, ಅವರನ್ನು ಇರಿಸಿದ ಊರುಗಳಲ್ಲಿ ಬಳ್ಳಾರಿಯೂ ಒಂದು. 1902ರ ಮೇ ತಿಂಗಳಲ್ಲಿ ಯುದ್ಧ ಮುಗಿದ ಮೇಲೆ ಅವರ ಮರುಪ್ರಯಾಣಕ್ಕೆ ದಾರಿ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಬಂದವರು ತುರ್ಕರು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು 1917ರಲ್ಲಿ ಭಾರತದ ಸೆರೆಶಿಬಿರಗಳನ್ನು ನೋಡಲು ಬಂದಾಗ ಬಳ್ಳಾರಿಯ ಶಿಬಿರಕ್ಕೂ ಭೇಟಿ ಕೊಟ್ಟರು.

ಅದೇ ಕಾಲದಲ್ಲಿ ಭಾರತದ ಸಿಪಾಯಿಗಳು ತುರ್ಕರ ಸೆರೆಯಲ್ಲಿದ್ದರು. ಮೆಸೊಪೊಟೇಮಿಯದ ಕೂಟ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿದ ಸೈನ್ಯ 1916ರ ಏಪ್ರಿಲ್ 29ರಂದು ಶರಣಾಯಿತು. ಹಸಿದು ಬಡಕಲಾದ ಸಾವಿರಾರು ಜನರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲೇ ಬಿದ್ದವರು ಅನೇಕರು. ಬಳ್ಳಾರಿಯ ಬಿಸಿಲಲ್ಲಿ ಒಬ್ಬ ತುರ್ಕ ತನ್ನ ಊರಿನ ಕಾಗದಕ್ಕೆ ಕಾಯುತ್ತಿದ್ದಾಗ, ಅನಾತೋಲಿಯದ ಚಳಿಯಲ್ಲಿ ಒಬ್ಬ ಭಾರತೀಯ ತನ್ನ ಊರಿನ ಕಾಗದಕ್ಕೆ ಕಾಯುತ್ತಿದ್ದ. ಇಬ್ಬರ ಮನೆಯ ಬಾಗಿಲಲ್ಲೂ ಒಬ್ಬ ತಾಯಿ ಇದ್ದಳು.

ಕೊಟ್ಟೂರಿನ ನಿಲ್ದಾಣ

ಕೊಟ್ಟೂರೆಂದರೆ ಗುರು ಕೊಟ್ಟೂರೇಶ್ವರನ ತೇರು, ಸಮಾಳ, ನಂದಿಕೋಲು, ಬುತ್ತಿ ಕಟ್ಟಿಕೊಂಡು ಪಾದಯಾತ್ರೆ ಬರುವ ಭಕ್ತರು. ಜೊತೆಗೆ ಅದು ರೈಲಿನ ಕೊನೆಯ ನಿಲ್ದಾಣವೂ ಆಗಿತ್ತು. ಬ್ರಿಟಿಷರ ಕಾಲದ ಮೀಟರ್ ಗೇಜ್ ಹಳಿ ಹೊಸಪೇಟೆಯಿಂದ ಬಂದು ಇಲ್ಲಿ ನಿಲ್ಲುತ್ತಿತ್ತು. ಈಗ ಅದು ಬ್ರಾಡ್ ಗೇಜ್ ಆಗಿ ಹರಿಹರದವರೆಗೆ ಬೆಳೆದಿದೆ. ಈ ಭಾಗದಿಂದ ದೂರ ಹೋದವರಿಗೆ ಊರು ಬಂತೆಂದು ತಿಳಿಯುತ್ತಿದ್ದುದು ಇಂಥ ಪುಟ್ಟ ನಿಲ್ದಾಣದ ಪ್ಲಾಟ್‌ಫಾರಂ ಕಂಡಾಗಲೇ.

ಎರಡನೆಯ ಮಹಾಯುದ್ಧದಲ್ಲಿ 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಸಿಕ್ಕರು. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು, ಕೆಲವರು ಸೇರದೆ ಶಿಬಿರಗಳಲ್ಲೇ ನವೆದರು. ಯುದ್ಧ ಮುಗಿದು ಅವರು ಮರಳಿದಾಗ ಸೇನೆಯ ವಿಚಾರಣೆ ಕಾದಿತ್ತು. ಫೌಜಿಗೆ ಸೇರಿದವರಿಗೆ ಹಳೆಯ ಕೆಲಸ ಸಿಗಲಿಲ್ಲ. ದೇಶಕ್ಕಾಗಿ ಪಟ್ಟ ಪಾಡಿಗೆ ಸ್ವಾತಂತ್ರ್ಯ ಯೋಧರ ಪಿಂಚಣಿ ದೊರಕಲು ಅವರೂ ದಶಕಗಳ ಕಾಲ ಕಾಯಬೇಕಾಯಿತು.

ಕೊಟ್ಟೂರಿಗೆ ಸಮೀಪದ ಉಜ್ಜಿನಿಯ ದೇವಾಲಯವನ್ನು ಕುರಿತು ಈ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಸೆರೆಯಿಂದ ಮರಳಿದವರಿಗೂ ಇದೇ ಮಾತು ಒಪ್ಪುತ್ತದೆ. ಹೊರಗಿನಿಂದ ನೋಡಿದರೆ ತಲೆಗೆ ರುಮಾಲು ಸುತ್ತಿದ ಸಾಮಾನ್ಯ ಮುದುಕ. ಒಳಗೇನಿದೆಯೆಂದು ಯಾರೂ ಕೇಳಿರುವುದಿಲ್ಲ; ಅವನೂ ಹೇಳಿರುವುದಿಲ್ಲ.

ನದಿಯ ಬದಿಯ ಊರುಗಳು

ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೋಗುವ ಸೀಮೆ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಹತ್ತಿರ. 1950ರ ದಶಕದಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಾಗ ನದಿಬದಿಯ ಅನೇಕ ಹಳ್ಳಿಗಳು ಮುಳುಗಿ, ಜನ ಬೇರೆಡೆ ಮನೆ ಕಟ್ಟಿಕೊಂಡರು. ಮನೆಗೆ ಮರಳುವುದು ಎಂಬ ಮಾತಿನ ತೂಕ ಏನೆಂದು ಆ ಮನೆತನಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೂವಿನಹಡಗಲಿಯ ಮಲ್ಲಿಗೆ ಪ್ರಸಿದ್ಧ. ಸಂಕ್ರಾಂತಿಯ ದಿನ ಇಲ್ಲಿನ ಜನ ತುಂಗಭದ್ರೆಯಲ್ಲಿ ಮಿಂದು, ಹೊಳೆದಂಡೆಯಲ್ಲಿ ಕುಳಿತು ರೊಟ್ಟಿಬುತ್ತಿ ಉಣ್ಣುತ್ತಾರೆ. ಅನೇಕ ವರ್ಷ ಆ ಹಬ್ಬ ಬೀಳುವ ಜನವರಿ 14ಕ್ಕೆ ಇನ್ನೊಂದು ಮಹತ್ವವೂ ಇದೆ. ಮಕ್ಕಳಿಗೆ ಅದು ಅಷ್ಟಾಗಿ ತಿಳಿದಿಲ್ಲ. 2016ರಿಂದ ಅದು ಸಶಸ್ತ್ರ ಪಡೆಗಳ ಮಾಜಿ ಯೋಧರ ದಿನ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇವೆಯಿಂದ ನಿವೃತ್ತರಾದದ್ದು ಅಂದೇ.

ಕನ್ನಡ ನಾಡು ಬಲ್ಲ ಯುದ್ಧಕೈದಿಯ ಮನೆಮರಳುವಿಕೆಯ ಕಥೆಯೂ ಅದೇ ಮನೆತನದ್ದು. 1965ರ ಯುದ್ಧದ ಕೊನೆಯ ಹೊತ್ತಿನಲ್ಲಿ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ ಅವರ ವಿಮಾನ ಶತ್ರುವಿನ ಗುಂಡಿಗೆ ಸಿಕ್ಕಿತು. ಗಾಯಗೊಂಡ ಅವರು ಪಾಕಿಸ್ತಾನದ ಸೆರೆಯಾಳಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರ ಜೊತೆಗೆ ದುಡಿದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಸೂಚನೆ ಬಂದಾಗ, ಅಲ್ಲಿರುವ ಭಾರತೀಯ ಸೈನಿಕರೆಲ್ಲ ತಮ್ಮ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಲಿ ಎಂಬ ಅರ್ಥದ ಉತ್ತರವನ್ನು ತಂದೆ ಕೊಟ್ಟರು. ಮಗ 1966ರ ಜನವರಿಯಲ್ಲಿ, ಉಳಿದ ಕೈದಿಗಳಂತೆಯೇ, ತಾಯ್ನಾಡಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಸೆರೆಸಿಕ್ಕುವುದು ಅಪರಾಧವಲ್ಲ, ಅವಮಾನವೂ ಅಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯು ತನ್ನ ಹೆಸರು, ಹುದ್ದೆ, ಸೇನಾಸಂಖ್ಯೆ, ಹುಟ್ಟಿದ ದಿನ ಇಷ್ಟನ್ನು ಹೇಳಿದರೆ ಸಾಕು. ಹೊಡೆದು ಬಡಿದು ಬೇರೆ ಮಾಹಿತಿ ಕೇಳುವಂತಿಲ್ಲ. ಮನೆಗೆ ಕಾಗದ ಬರೆಯಲು ಅವನಿಗೆ ಹಕ್ಕುಂಟು. ಕಾಳಗ ನಿಂತ ಮೇಲೆ ತಡಮಾಡದೆ ಬಿಟ್ಟು ಕಳಿಸಬೇಕು. ಹಾಗಿದ್ದೂ 1971ರ ಡಿಸೆಂಬರಿನಲ್ಲಿ ಯುದ್ಧ ಮುಗಿದರೂ, ಪಶ್ಚಿಮ ರಂಗದಲ್ಲಿ ಸೆರೆಸಿಕ್ಕ ಆರುನೂರಕ್ಕೂ ಹೆಚ್ಚು ಭಾರತೀಯರು ವಾಘಾ ಗಡಿ ದಾಟಿ ಬಂದದ್ದು 1972ರ ಡಿಸೆಂಬರ್ 1ರಂದು. ಭಾರತದ ವಶದಲ್ಲಿದ್ದ ಸುಮಾರು 93,000 ಮಂದಿ ಪಾಕಿಸ್ತಾನಕ್ಕೆ ಮರಳಿ ಮುಗಿದದ್ದು 1974ರಲ್ಲಿ. ಮರಳಿ ಬಾರದ, ಸತ್ತ ಸುದ್ದಿಯೂ ಖಚಿತವಾಗದ 54 ಭಾರತೀಯ ಯೋಧರ ಮನೆಗಳಲ್ಲಿ ಆ ಕಾಯುವಿಕೆ ಮುಗಿಯಲೇ ಇಲ್ಲ.

ಹರಪನಹಳ್ಳಿಯಲ್ಲಿ ಒಂದು ಪ್ರಶ್ನೆ

ಪಾಳೆಯಗಾರರ ಊರಾದ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಾದಾಗಲೆಲ್ಲ ಕಡತಗಳೂ ಊರು ಬದಲಿಸುತ್ತವೆ. ಅಂಥ ಅಲೆದಾಟದಲ್ಲಿ ಹಳೆಯ ಸಿಪಾಯಿಯೊಬ್ಬನ ಕಥೆಗೆ ಕಡತವನ್ನೇ ನೆಚ್ಚಿ ಕೂರುವಂತಿಲ್ಲ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಪಿಂಚಣಿ, ನೆರವು, ಮಕ್ಕಳ ಓದಿನ ಸಹಾಯಕ್ಕೆ ಅದು ದಾರಿ. ಡಿಸೆಂಬರ್ 7ರಂದು ಶಾಲೆಗಳಲ್ಲಿ ಧ್ವಜ ದಿನದ ಚೀಟಿಯೂ ಬರುತ್ತದೆ. ಚೀಟಿಗೆ ಕಾಸು ಕೊಟ್ಟರೆ ಒಳ್ಳೆಯದು. ಆದರೆ ನೆನಪನ್ನು ಉಳಿಸುವ ಕೆಲಸ ಇಲಾಖೆಯದಲ್ಲ, ಊರಿನದು.

1962, 1965, 1971ರ ಯುದ್ಧ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಸೆರೆಯನ್ನು ಕಂಡವರು ಎಲ್ಲ ಊರಿನಲ್ಲೂ ಇರಲಾರರು. ಗಡಿಯನ್ನು ಕಂಡವರು ಮಾತ್ರ ಹುಡುಕಿದರೆ ಸಿಕ್ಕಾರು. ಈ ಐದು ಊರುಗಳ ಯಾವ ಹೈಸ್ಕೂಲು ಹುಡುಗ, ಹುಡುಗಿಯಾದರೂ ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಜೊತೆ ಒಂದು ನೋಟುಪುಸ್ತಕ ಹಿಡಿದು ಅಂಥವರ ಮನೆಗೆ ಹೋಗಬಹುದು. ತಂದೆತಾಯಿ ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬೇಕಾಗಿಲ್ಲ. ‘ಅಜ್ಜಾ, ನೀವು ಊರಿಗೆ ವಾಪಸ್ ಬಂದ ದಿನ ಮನ್ಯಾಗ ಏನು ಮಾಡಿದ್ರು?’ ಎಂದು ಕೇಳಿದರೆ ಸಾಕು. ಯಾರು ಮೊದಲು ಕಂಡರು, ತಾಯಿ ಗುರುತು ಹಿಡಿದಳೇ, ಅಂದು ಏನು ಉಂಡರು, ರಾತ್ರಿ ನಿದ್ದೆ ಬಂತೇ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಸುಮ್ಮನೆ ಹತ್ತಿರ ಕುಳಿತು ಬಂದರೂ ಅದು ಗೌರವವೇ.

ಕೆರೆ ಏರಿಯ ಮೇಲೆ ವೀರಗಲ್ಲು ಕೆತ್ತಿದ ಶಿಲ್ಪಿಗೆ ಸತ್ತವನ ಕಥೆಯನ್ನು ಊರೇ ಹೇಳಿತ್ತು. ಮರಳಿ ಬಂದವನ ಕಥೆಯನ್ನು ಅವನೇ ಹೇಳಬೇಕು, ಅದೂ ಬದುಕಿರುವಾಗಲೇ. ಬರೆದುಕೊಳ್ಳಲು ಕಲ್ಲು ಬೇಡ, ನೂರು ಪುಟದ ಒಂದು ನೋಟುಪುಸ್ತಕ ಸಾಕು.