ಮನೆಯ ಪ್ರಮಾಣಪತ್ರವೂ ಆಪ್ತವಾಕ್ಯವೂ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬಿವು ಜ್ಞಾನಕ್ಕೆ ಸಾಧನಗಳೆಂದು ನಮ್ಮ ಹಿರಿಯರು ಹೇಳಿರುವರಷ್ಟೆ. ಕಣ್ಣಿಗೆ ಕಾಣದ, ಊಹೆಗೂ ನಿಲುಕದ ವಿಷಯಗಳಲ್ಲಿ ಬಲ್ಲವರ ಮಾತನ್ನು ನಂಬಿ ನಡೆಯುವುದೊಂದೇ ದಾರಿ. ಈ ಕಾಲದಲ್ಲಿ ಆ ಆಪ್ತವಾಕ್ಯವು ಮುದ್ರೆಯೊತ್ತಿದ ಕಾಗದದ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ. ಅಂಥ ಕಾಗದಗಳಲ್ಲಿ ಹೊಸತೆಂದರೆ, ಮನೆಯೊಂದು ಎಷ್ಟು ತಂಪಾಗಿರುವುದು, ಎಷ್ಟು ವಿದ್ಯುತ್ತನ್ನು ಉಳಿಸುವುದು ಎಂಬುದನ್ನು ತಿಳಿಸುವ ಪ್ರಮಾಣಪತ್ರ. ಅದು ತಪ್ಪಾದರೆ ಹೊಣೆ ಯಾರದು ಎಂಬುದನ್ನು ಗೃಹಸ್ಥರು ತಿಳಿದಿರುವುದು ಮೇಲು.

ಇಂಗ್ಲೆಂಡಿನಲ್ಲಿ 2007ರಿಂದ ಮನೆ ಮಾರುವವರು ಇಂಥ ಪತ್ರವನ್ನು ಒದಗಿಸತಕ್ಕದ್ದೆಂಬ ನಿಯಮ ಬಂದಿತು. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ಅದು 2018ರ ಡಿಸೆಂಬರಿನಲ್ಲಿ ವಾಸದ ಮನೆಗಳಿಗಾಗಿ 'ಇಕೋ ನಿವಾಸ ಸಂಹಿತೆ'ಯನ್ನು ಹೊರಡಿಸಿತು. 2019ರಲ್ಲಿ ಮನೆಗಳಿಗೆ ನಕ್ಷತ್ರಚಿಹ್ನೆ ಕೊಡುವ ಯೋಜನೆಯೂ ಬಂದಿತು. ಸಾಧಾರಣ ಗೃಹಸ್ಥನ ಮನೆಗೆ ಇದು ಕಡ್ಡಾಯವಲ್ಲ. ಆದರೆ ಮಹಡಿಮನೆಗಳನ್ನು ಕಟ್ಟಿ ಮಾರುವವರು ಈ ಹೆಸರನ್ನು ತಮ್ಮ ಪ್ರಕಟನೆಗಳಲ್ಲಿ ಹಾಕುವುದುಂಟು.

ನಮ್ಮ ಸೋದರಳಿಯನು ಮಣಿಪಾಲದಲ್ಲಿ ಅಂಥದೊಂದು ಮನೆಯನ್ನು ಬ್ಯಾಂಕಿನ ಸಾಲದಿಂದ ಕೊಂಡನು. ಮನೆಯು ಸಂಹಿತೆಗೆ ಒಪ್ಪುವುದೆಂದು ಸಲಹೆಗಾರನೊಬ್ಬನು ಬರೆದುಕೊಟ್ಟ ಪತ್ರವನ್ನು ಮಾರಿದವರು ತೋರಿಸಿದ್ದರು. ವೈಶಾಖದ ಸೆಕೆ ಬಂದಾಗ ನಮ್ಮ ಅಕ್ಕನಿಗೆ ಆ ಮನೆಯಲ್ಲಿ ರಾತ್ರಿ ನಿದ್ರೆಯಿಲ್ಲ. ಅಲೆವೂರಿನ ನಮ್ಮ ಹಳೆಯ ಮನೆಗೆ ಯಾವ ಪತ್ರವೂ ಇಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರುಬದುರಾದ ಕಿಟಕಿಗಳು, ಇಷ್ಟೇ. ಅಲ್ಲಿ ಗಾಳಿಯಾಡುತ್ತದೆ, ಇಲ್ಲಿ ಆಡುವುದಿಲ್ಲ. ಕಾರಣವೇನೆಂದು ನಾವು ಅಳತೆಯ ಪಟ್ಟಿಯನ್ನು ಹಿಡಿದು ನೋಡಿದೆವು.

ನಮ್ಮ ಕರಾವಳಿಯಂತಹ ಸೆಕೆಯ ಸೀಮೆಯಲ್ಲಿ, ಹೊರಗಾಳಿಗೆ ತೆರೆಯುವ ಕಿಟಕಿ ಬಾಗಿಲುಗಳ ತೆರಪು ಒಳನೆಲದ ಆರರಲ್ಲೊಂದು ಪಾಲಿಗೆ, ಅಂದರೆ ಶೇಕಡಾ 16.66ಕ್ಕೆ, ಕಡಮೆಯಿರಬಾರದೆಂದು ಸಂಹಿತೆಯ ವಿಧಿ. ಆ ಮನೆಯ ಒಳನೆಲ 900 ಚದರ ಅಡಿ; ಬೇಕಾದ ತೆರಪು 150. ಪತ್ರದಲ್ಲಿ 170 ಎಂದು ಬರೆದಿತ್ತು. ಚೌಕಟ್ಟುಗಳ ಅಳತೆ ಅಷ್ಟೇ ಇರುವುದು ನಿಜ. ಆದರೆ ಅವೆಲ್ಲ ಎರಡು ಗಾಜಿನ, ಪಕ್ಕಕ್ಕೆ ಸರಿಯುವ ಕಿಟಕಿ ಬಾಗಿಲುಗಳು. ಒಂದು ಸರಿದರೆ ಇನ್ನೊಂದನ್ನು ಮುಚ್ಚುತ್ತದೆ. ಇಂಥವುಗಳಿಗೆ ಅರ್ಧವನ್ನು ಮಾತ್ರ ಲೆಕ್ಕ ಹಿಡಿಯಬೇಕೆಂದು ಸಂಹಿತೆಯೇ ಹೇಳುತ್ತದೆ. ಹಾಗೆ ಹಿಡಿದರೆ ಉಳಿಯುವುದು 85 ಚದರ ಅಡಿ.

"ಮಾವ, ಯಾರನ್ನು ಕೇಳಲಿ? ಮಾರಿದವರು ಸಲಹೆಗಾರನನ್ನು ತೋರಿಸುತ್ತಾರೆ, ಅವನು ನಕ್ಷೆಯನ್ನು ತೋರಿಸುತ್ತಾನೆ" ಎಂದು ಅಳಿಯನು ಕೇಳಿದನು.

ಮಾತಾಡುವವನಲ್ಲಿ ಇರಬಹುದಾದ ದೋಷಗಳು ನಾಲ್ಕೆಂದು ಶಾಸ್ತ್ರಜ್ಞರು ಎಣಿಸಿದ್ದಾರೆ: ಭ್ರಮ, ಪ್ರಮಾದ, ಕರಣಾಪಾಟವ, ವಿಪ್ರಲಿಪ್ಸೆ. ಒಂದನ್ನು ಇನ್ನೊಂದೆಂದು ತಿಳಿಯುವುದು ಭ್ರಮ. ಇಡೀ ಚೌಕಟ್ಟನ್ನು ತೆರಪೆಂದು ಎಣಿಸಿದಂತೆ. ಸ್ಥಳಕ್ಕೆ ಹೋಗದೆ ನಕ್ಷೆ ನೋಡಿ ಬರೆಯುವುದು ಪ್ರಮಾದ. ಇವೆರಡಕ್ಕೂ ಲೆಕ್ಕ ಬರೆದವನೇ ಉತ್ತರವಾದಿ. ಸಾಧನದ ಕೊರತೆ ಕರಣಾಪಾಟವ. ಗಾಜು ಎಷ್ಟು ಬಿಸಿಲನ್ನು ಒಳಬಿಡುವುದೆಂದು ತಯಾರಕನು ಕೊಟ್ಟ ಅಂಕಿಯೇ ತಪ್ಪಾಗಿದ್ದರೆ, ಹೊಣೆ ಅವನವರೆಗೂ ಹೋಗುತ್ತದೆ. ತಿಳಿದೂ ತಿಳಿದೂ ವಂಚಿಸುವ ಇಚ್ಛೆಯೇ ವಿಪ್ರಲಿಪ್ಸೆ.

ಆದರೆ ಈ ನಾಲ್ಕರಲ್ಲಿ ಯಾವುದು ನಡೆಯಿತೆಂದು ಶೋಧಿಸುವ ಭಾರ ಮನೆ ಕೊಂಡವನ ಮೇಲಿಲ್ಲ. ಆ ಕಾಗದವನ್ನು ಮುಂದಿಟ್ಟು ಹಣ ಪಡೆದವನೇ ಮೊದಲು ಉತ್ತರ ಕೊಡತಕ್ಕವನು. ಆಮೇಲೆ ಅವನು ಸಲಹೆಗಾರನನ್ನೋ ತಯಾರಕನನ್ನೋ ಹಿಡಿದುಕೊಳ್ಳಲಿ. ಇದು ನಮ್ಮ ಬರಿಯ ಅಭಿಪ್ರಾಯವಲ್ಲ. 2016ರ ಸ್ಥಿರಾಸ್ತಿ ಕಾಯಿದೆಯ 12ನೆಯ ಕಲಮಿನಲ್ಲಿ, ಜಾಹೀರಾತು ಅಥವಾ ವಿವರಣಪತ್ರದ ತಪ್ಪು ಹೇಳಿಕೆಯನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವನಿಗೆ ಕಟ್ಟಿಸಿದವನು ಪರಿಹಾರ ಕೊಡಬೇಕೆಂದಿದೆ. ಅವನು ತಿಳಿದೇ ಸುಳ್ಳಾಡಿದನೆಂದು ಸಾಧಿಸಬೇಕೆಂಬ ಷರತ್ತು ಅಲ್ಲಿಲ್ಲ. ಆದಕಾರಣ ಹೇಳಿಕೆಯು ಬಾಯಿಮಾತಾಗಿರದೆ ಅಚ್ಚಿನಲ್ಲಿರುವುದು ಮುಖ್ಯ. ಮನೆ ಕಟ್ಟಿಕೊಡುವುದೂ ಗ್ರಾಹಕರಿಗೆ ಸಲ್ಲಿಸುವ ಸೇವೆಯೇ ಎಂದು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಗೆ ಮೀರದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ಅವಧಿ ಎರಡು ವರ್ಷ.

ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಪತ್ರವು ಕಟ್ಟಡದ ಗುಣವನ್ನು ಹೇಳುತ್ತದೆಯೇ ಹೊರತು ವಾಸಿಸುವವರ ಅಭ್ಯಾಸವನ್ನಲ್ಲ. ತೆರೆದ ಮೊಗಸಾಲೆಗೆ ನಾವೇ ಗಾಜು ಹಾಕಿಸಿ, ಹಗಲಿರುಳು ಶೀತಯಂತ್ರವನ್ನು ನಡೆಯಿಸಿ, ವಿದ್ಯುತ್ತಿನ ಬಿಲ್ಲು ಏರಿತೆಂದು ಪತ್ರವನ್ನು ದೂರುವುದು ಸಲ್ಲದು. ಬಿಲ್ಲು ಹೆಚ್ಚಾದುದು ತಪ್ಪಿಗೆ ಸಾಕ್ಷಿಯಲ್ಲ. ಅಳತೆ ತಪ್ಪಾದುದು ಸಾಕ್ಷಿ.

ಅಳಿಯನು ಮಾರಾಟದ ಪ್ರಕಟನೆಯನ್ನೂ ಪತ್ರದ ಪ್ರತಿಯನ್ನೂ ನಮ್ಮ ಅಳತೆಯ ಪಟ್ಟಿಯನ್ನೂ ಜೋಡಿಸಿ, ಪೂರ್ತಿ ತೆರೆಯುವ ಕದಗಳನ್ನು ಹಾಕಿಸಿಕೊಡಬೇಕೆಂದು ಮಾರಿದವರಿಗೆ ನೋಂದಾಯಿತ ಅಂಚೆಯಲ್ಲಿ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅವಧಿಯು ಮೀರಲು ಬಿಡಬಾರದೆಂದು ಅವನಿಗೆ ಹೇಳಿದ್ದೇವೆ. ಮನೆ ಕೊಳ್ಳಹೊರಟ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಹಣ ಕೊಡುವ ಮೊದಲು ಆ ಕಾಗದವನ್ನು ಕೇಳಿ ಪಡೆಯಿರಿ, ಒಂದು ಗಳಿಗೆ ಕಿಟಕಿಗಳನ್ನು ತೆರೆದು ಅಳೆಯಿರಿ. ಪ್ರತ್ಯಕ್ಷವು ಕೈಗೆಟಕುವಲ್ಲಿ ಶಬ್ದವೊಂದನ್ನೇ ನಂಬಿ ಕೂಡುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.