ಆರು ವಾರದ ಬಿಡಾರ

ಶ್ರೀರಂಗಪಟ್ಟಣ, ಪಾಂಡವಪುರಗಳವರಿಗೆ ಬೆಂಗಳೂರು ರೈಲಿನ ದಾರಿ. ನಾಗಮಂಗಲದವರಿಗೆ 2017ರಿಂದ ಬಿ.ಜಿ. ನಗರದ ಮೂಲಕ ರೈಲು ಒದಗಿದೆ. ಕೃಷ್ಣರಾಜಪೇಟೆ ಸೀಮೆಯ ಮಂದಗೆರೆ, ಅಕ್ಕಿಹೆಬ್ಬಾಳುಗಳದು ಮೈಸೂರು–ಹಾಸನದ ಹಾದಿ. ಬೆಂಗಳೂರಿಗೆ ಅಲ್ಲಿಯವರು ಬಹುಪಾಲು ಬಸ್ಸನ್ನೇ ನಂಬಬೇಕು. ಪ್ರಯಾಣ ಹೇಗೋ ಸಾಗೀತು, ತಂಗುವುದೆಲ್ಲಿ?

ಈ ನಾಲ್ಕು ತಾಲ್ಲೂಕುಗಳಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಬಂಧುಗಳ ಪಾಡನ್ನು ನಾವು ಬಲ್ಲೆವು. ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ. ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷದ್ದು. ಉಳಿದ ಹೊತ್ತಿಗೆ ರೋಗಿಗೆ ಒರಗಲೊಂದು ಗೋಡೆ, ಗಂಜಿ ಕಾಯಿಸಲೊಂದು ಒಲೆ ಬೇಕು. ವಸತಿಗೃಹಗಳಲ್ಲಿ ಒಲೆ ಹಚ್ಚಗೊಡುವುದಿಲ್ಲ; ದಿನಬಾಡಿಗೆಯೂ ಭಾರ. ಮನೆ ಹಿಡಿಯಹೋದರೆ 10 ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಆ ಊರಿನ ಹಳೆಯ ವಾಡಿಕೆ. ಕರಾರು 11 ತಿಂಗಳದ್ದು. ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾದ್ದರಿಂದ ಹುಟ್ಟಿದ ಲೆಕ್ಕವಿದು. ಆರು ವಾರದ ಅತಿಥಿಗೆ ಇದರಲ್ಲಿ ಎಡೆಯೆಲ್ಲಿ?

ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆಯುಂಟು. ಚಿಕಿತ್ಸೆಯ ದಿನ ಗೊತ್ತಾದೊಡನೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕಂಡು ವಿಚಾರಿಸುವುದು ಒಳಿತು; ಸಂಕೋಚ ಬೇಡ. ಅಲ್ಲಿ ಜಾಗ ದೊರೆಯದಿದ್ದರೆ ಲಕ್ಕಸಂದ್ರ, ಆಡುಗೋಡಿ, ವಿಲ್ಸನ್ ಗಾರ್ಡನ್ ಸುತ್ತ ವಾರದ ಲೆಕ್ಕಕ್ಕೆ ಕೋಣೆ ಕೇಳಿನೋಡಬೇಕು. ಒಲೆಗೆ ಒಪ್ಪಿಗೆ, ನೀರು–ವಿದ್ಯುತ್ತಿನ ಹಣ, ಮುಂಗಡ ಮರಳಿಸುವ ದಿನ, ಇವನ್ನೆಲ್ಲ ಬರಹದಲ್ಲಿ ಪಡೆಯಿರಿ. ಕೋಣೆಯನ್ನು ಕಣ್ಣಾರೆ ನೋಡದೆ ಫೋನಿನಲ್ಲೇ ಹಣ ಕಳುಹಿಸಬಾರದು.

ಹೃದ್ರೋಗಿಗಳಿಗಾದರೋ ಜಯದೇವ ಸಂಸ್ಥೆಯ ಶಾಖೆ ಮೈಸೂರಿನಲ್ಲೇ ಇದೆ. ತಪಾಸಣೆಗಷ್ಟೇ ಆದರೆ ಶ್ರೀರಂಗಪಟ್ಟಣ, ಪಾಂಡವಪುರದವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು.