ಹೊಸ ಮಾಡೆಲ್ ಬರೋಗಂಟ

2025ರ ಆಗಸ್ಟ್ 15ರಂದು, ಪಿಕಪ್ ಕೊಳ್ಳಲು ಹೊರಟಿದ್ದ ನನ್ನ ತಮ್ಮನಿಗೆ ಎರಡು ಕಡೆಯಿಂದ ಕಾಯುವ ಕರೆ ಬಂತು. ಬೆಳಿಗ್ಗೆ ಕೆಂಪುಕೋಟೆಯಿಂದ ಪ್ರಧಾನಿ, ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಇಳಿಯುತ್ತದೆ ಎಂದರು. ಅದೇ ದಿನ ಮುಂಬೈಯಲ್ಲಿ ಮಹೀಂದ್ರಾದವರು ಮುಂದೆಂದೋ ತರಲಿರುವ ಗಾಡಿಗಳ ಮಾದರಿಗಳನ್ನು ವೇದಿಕೆಗೆ ತಂದರು. ವಿಷನ್ ಎಸ್‌ಎಕ್ಸ್‌ಟಿ ಎಂಬ ಪಿಕಪ್ಪೂ ಅದರಲ್ಲಿತ್ತು. ಸಂಜೆಯ ಹೊತ್ತಿಗೆ ಅದರ ವಿಡಿಯೊ ಕೋಲಾರದ ಟೊಮೆಟೊ ಮಂಡಿಯ ಡ್ರೈವರುಗಳ ಮೊಬೈಲಿನಲ್ಲೆಲ್ಲ ಓಡಾಡಿ ನಮ್ಮ ಮನೆ ಜಗಲಿಗೂ ಬಂತು.

“ಏನಣ್ಣ, ಈಗ್ಲೇ ತಗೊಂಬುಡೋಣ್ವಾ, ಇಲ್ಲ ಹೊಸದು ಬರೋಗಂಟ ಕಾಯೋಣ್ವಾ?”

ತೋಟ ನೋಡಿಕೊಳ್ಳುವವನು ಅವನು, ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಸ್ಟೀರಿಂಗು ಹಿಡಿದರೆ ಕೈ ನಡುಗುವ ನನ್ನನ್ನು ಗಾಡಿಯ ವಿಷಯ ಕೇಳುವುದು ಏತಕ್ಕೆಂದರೆ, ಡೌನ್ ಪೇಮೆಂಟಿನಲ್ಲಿ ನನ್ನ ಪಾಲೂ ಇತ್ತು. ಹಾಗಾಗಿ ನಾನೂ ಗಂಭೀರವಾಗಿ ವಿಡಿಯೊ ನೋಡಿದೆ. ಗಾಡಿ ಚೆನ್ನಾಗಿತ್ತು. ಹಿಂದಿನ ತೊಟ್ಟಿಯಲ್ಲಿ ಎರಡು ಸ್ಟೆಪ್ನಿ ಚಕ್ರಗಳನ್ನು ಅಲಂಕಾರಕ್ಕೆಂಬಂತೆ ಇಟ್ಟಿದ್ದರು. “ಇದ್ರಲ್ಲಿ ಟೊಮೆಟೊ ಬಾಕ್ಸು ಎಲ್ಲಿ ಜೋಡಿಸ್ತೀಯಪ್ಪ?” ಎಂದು ಅಮ್ಮ ಕೇಳಿದ್ದಕ್ಕೆ ಅವನ ಬಳಿ ಉತ್ತರವಿರಲಿಲ್ಲ.

ನಮ್ಮಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮೊದಲ ಕಾರಣ, ಗಾಡಿ ನಮ್ಮದಾಗಿರಲಿಲ್ಲ. ಎರಡನೆಯದು, ಆಗ ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದದ್ದು ರೇಷ್ಮೆ. ಗೂಡು ಬಿಡಿಸಿದ ಮೇಲೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುವುದರೊಳಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ತಲುಪಿಸಬೇಕು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ಹಾಗಾಗಿ ಸಿಕ್ಕಿದ ಮೆಟಡಾರ್‌ಗೆ ನಾಲ್ಕು ಮನೆಯವರು ಕೂಡಿ ಬಾಡಿಗೆ ಕಟ್ಟುತ್ತಿದ್ದರು. ಪುಣೆಯ ಬಜಾಜ್ ಟೆಂಪೊ ಕಂಪನಿ ಜರ್ಮನಿಯವರ ಜೊತೆ ಸೇರಿ ಮೂರು ಚಕ್ರದ ಗಾಡಿಯಿಂದ ಶುರುಮಾಡಿ, 1969ರಲ್ಲಿ ಮೆಟಡಾರ್ ತಂದಿತ್ತು. ನಾನು ಹುಡುಗನಾಗಿದ್ದಾಗ ಕಂಡ ಮೆಟಡಾರ್‌ಗಳು ಯಾವ ವರ್ಷದವೆಂದು ಯಾರೂ ಕೇಳಿದ್ದು ನೆನಪಿಲ್ಲ. ಸ್ಟಾರ್ಟ್ ಆಗುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು.

ರೈತನೇ ಗಾಡಿಯ ಯಜಮಾನನಾಗುವ ಆಸೆಗೆ ಬಾಗಿಲು ತೆರೆದದ್ದು ನನ್ನ ಲೆಕ್ಕದಲ್ಲಿ 2005ರ ಟಾಟಾ ಏಸ್. ಎರಡು ಸಿಲಿಂಡರು, ಏಳುನೂರು ಚಿಲ್ಲರೆ ಸಿಸಿ, ಹದಿನಾರು ಅಶ್ವಶಕ್ತಿ. ಹೊರುತ್ತಿದ್ದುದು ಮುಕ್ಕಾಲು ಟನ್ನು. ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಟಾಟಾದವರು ಮೂರು ಚಕ್ರದ ಗಾಡಿಯವರನ್ನು ಮಾತಾಡಿಸುತ್ತ ಹೋದಾಗ ಒಬ್ಬ, ನಾಲ್ಕು ಚಕ್ರದ್ದಾದರೆ ನನಗೆ ಹೆಣ್ಣು ಸಿಗುತ್ತದೆ ಎಂದನಂತೆ. ಏಸ್ ರೂಪಿಸಿದವರು ಹೇಳಿಕೊಂಡು ಬಂದ ಕಥೆ ಇದು. ನಮ್ಮೂರಿನ ಮಟ್ಟಿಗೆ ನಾನಿದನ್ನು ಅನುಮಾನಿಸುವುದಿಲ್ಲ. ತಮ್ಮನ ಮದುವೆ ಮಾತುಕತೆಯಲ್ಲೂ ಅಂಗಳದಲ್ಲಿ ನಿಂತಿದ್ದ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಬೀಗರು ಎರಡು ಸಲ ತಿರುಗಿ ನೋಡಿದ್ದರು.

ಹೊಸ ಮಾಡೆಲ್ಲಿಗೆ ಕಾದು ಕೂರುವ ಚಟವನ್ನು ನಮ್ಮ ಮೊಬೈಲು ಹುಡುಗರ ತಲೆಗೆ ಕಟ್ಟುವವರಿದ್ದಾರೆ. ಅದು ಅನ್ಯಾಯ. ಅಮೆರಿಕದ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ 281 ಡಾಲರಿಗೆ ಪಿಕಪ್ ಮಾರತೊಡಗಿತು. ಅಲ್ಲಿಯವರೆಗೆ ಅಲ್ಲಿನ ರೈತರು ಕಾರು ಕೊಂಡು ಹಿಂದೆ ಮರದ ಪೆಟ್ಟಿಗೆ ಹೊಡೆಸಿಕೊಳ್ಳುತ್ತಿದ್ದರು. ಎರಡೇ ವರ್ಷದಲ್ಲಿ, 1927ರ ಮೇ ತಿಂಗಳಲ್ಲಿ, ಹೆನ್ರಿ ಫೋರ್ಡ್ ಮಾಡೆಲ್ ಟಿಯನ್ನೇ ನಿಲ್ಲಿಸಿದ. ಮುಂದಿನದು ಮಾಡೆಲ್ ಎ. ಅದು ಜನರ ಕಣ್ಣಿಗೆ ಬಿದ್ದದ್ದು ಡಿಸೆಂಬರ್ 2ಕ್ಕೆ. ನಡುವಿನ ತಿಂಗಳುಗಳಲ್ಲಿ ಲಕ್ಷಾಂತರ ಜನ ಕಾಣದ ಗಾಡಿಗೆ ಕಾದರು, ಮುಂಗಡವನ್ನೂ ಕೊಟ್ಟರು. ಕಾಯಲಾಗದವರು ಷೆವರ್ಲೆ ಕೊಂಡರು. ಆ ವರ್ಷ ಮಾರಾಟದಲ್ಲಿ ಷೆವರ್ಲೆ ಫೋರ್ಡನ್ನು ಹಿಂದೆ ಹಾಕಿತು. ಆ ಬೇಸಿಗೆಯಲ್ಲಿ ಆಲೂಗಡ್ಡೆ ಕಿತ್ತು ರಾಶಿ ಹಾಕಿದ್ದ ಯಾವನೋ ರೈತನ ಮನೆಯಲ್ಲೂ ನಮ್ಮ ಜಗಲಿಯ ಪಂಚಾಯಿತಿ ನಡೆದಿರಬೇಕು.

ನಮ್ಮಲ್ಲಿ ಮಾತ್ರ ಹಳೆಯ ಮಾಡೆಲ್ಲಿಗೆ ಬಾಗಿಲು ಹಾಕಿದ್ದು ಹೆಚ್ಚಾಗಿ ಕಾರ್ಖಾನೆಯಲ್ಲ, ಸರ್ಕಾರ ಮತ್ತು ಕೋರ್ಟು. 2017ರ ಮಾರ್ಚ್ ಕೊನೆಯಲ್ಲಿ, ಏಪ್ರಿಲ್ ಒಂದರಿಂದ ಹೊಗೆ ನಿಯಮದ ಬಿಎಸ್-3 ಮಟ್ಟದ ಗಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದಾಗ ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾಗದೆ ನಿಂತಿದ್ದವು. ಎರಡು ದಿನ ಷೋರೂಮುಗಳ ಮುಂದೆ ಜಾತ್ರೆ. 2020ರ ಏಪ್ರಿಲ್ ಒಂದಕ್ಕೆ ಬಿಎಸ್-6 ಬಂತು. ಬಿಎಸ್-5 ಎಂಬ ಮೆಟ್ಟಿಲನ್ನೇ ಹಾರಿ ಬಂದದ್ದು. ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ ಐವತ್ತು ಪಾಲಿನಿಂದ ಹತ್ತಕ್ಕೆ ಇಳಿಯಿತು. ಹೊಗೆಕೊಳವೆಗೆ ಫಿಲ್ಟರು ಬಂತು, ಕೆಲವು ಗಾಡಿಗಳಿಗೆ ಯೂರಿಯಾ ನೀರಿನ ಬೇರೆ ಟ್ಯಾಂಕೇ ಬಂತು. ನಮ್ಮ ಕೋಲಾರದ ಗಾಳಿಗೆ ಅದು ಒಳ್ಳೆಯದೇ. ಆದರೆ ಕ್ರಾಸಿನ ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ ನೋಡಿ, “ಸಾರ್, ನಾನು ಕೇಳಿದ್ರೆ ಇದು ಉತ್ತರ ಕೊಡಲ್ಲ, ಇದಕ್ಕೆ ಕಂಪ್ಯೂಟರ್ರೇ ಬೇಕು” ಎಂದು ಎತ್ತಿದ್ದನ್ನು ಹಾಗೇ ಇಳಿಸಿಬಿಟ್ಟ.

ಆ ಮೆಕ್ಯಾನಿಕ್ಕನ್ನು ಮರೆತು ಗಾಡಿ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಲೋಡು ಸಮೇತ ಗಾಡಿ ನಿಂತರೆ ಬೆಳಗಿನ ಹರಾಜಿಗೆ ಟೊಮೆಟೊ ತಲುಪುವುದಿಲ್ಲ. ಆಗ ಬೇಕಾದದ್ದು ಬ್ಯಾಟರಿ ಹಿಡಿದು ಬರುವ ಒಬ್ಬ ಮನುಷ್ಯ, ಹತ್ತಿರದ ಅಂಗಡಿಯಲ್ಲಿ ಸಿಗುವ ಒಂದು ಕ್ಲಚ್ ಪ್ಲೇಟು. ಹೊಸ ಮಾಡೆಲ್ ಬಂದ ಮೊದಲ ವರ್ಷ ಈ ಎರಡೂ ಬೆಂಗಳೂರಿನಲ್ಲಿರುತ್ತವೆ. ಹತ್ತು ವರ್ಷ ಓಡಿ ಇನ್ನೇನು ನಿಲ್ಲಲಿದೆ ಎನ್ನುವ ಗಾಡಿಯ ಕಾಯಿಲೆಗಳು ಊರಿಗೇ ಗೊತ್ತು. ಯಾವ ಬೋಲ್ಟು ಯಾವ ತಿಂಗಳು ಸಡಿಲವಾಗುತ್ತದೆ ಎಂದು ಟೀ ಅಂಗಡಿಯವನೂ ಹೇಳಬಲ್ಲ. ಮಹೀಂದ್ರಾದ ಬೊಲೆರೊ ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಪ್ಲೇಟು ನೋಡಿದರೆ ನಮ್ಮಪ್ಪನಿಗೂ ಗುರುತು ಸಿಗುತ್ತಿತ್ತು, ಹಳೆಯ ಜೀಪಿನದೇ ಜಾತಿ ಅದು. ಮುಖ ಬದಲಾದರೆ ಟೊಮೆಟೊ ಬಾಕ್ಸಿಗೆ ಆಗುವ ಲಾಭ ಏನೂ ಇಲ್ಲ. ಡ್ರೈವರಿನ ಸೊಂಟಕ್ಕೆ ಆಗಬಹುದು, ಅದನ್ನು ಒಪ್ಪುತ್ತೇನೆ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಮೂರೂವರೆ ಟನ್ನಿನ ಒಳಗಿನ ನಮ್ಮ ಪಿಕಪ್ಪುಗಳನ್ನು ಅದರಿಂದ ಬಿಟ್ಟಿದ್ದಾರೆ. ಸಣ್ಣ ಗಾಡಿಯವನಿಗೆ ಬೆವರುವುದಿಲ್ಲ ಎಂದು ದೆಹಲಿಯಲ್ಲಿ ಯಾರೋ ತಿಳಿದಂತಿದೆ.

ಆದ್ದರಿಂದ ತಮ್ಮನಿಗೆ ಎರಡು ಕಾಯುವಿಕೆಗಳನ್ನು ಬಿಡಿಸಿ ಹೇಳಿದೆ. ಹೊಸ ರೂಪದ್ದು 2027 ಎನ್ನುತ್ತಾರೆ. ಅದಕ್ಕೆ ದಿನಾಂಕವಿಲ್ಲ, ಬೆಲೆಯಿಲ್ಲ, ಟೊಮೆಟೊಗೆ ಜಾಗವೂ ಇಲ್ಲ. ತೆರಿಗೆಯದು ಹಾಗಲ್ಲ, ಅದಕ್ಕೆ ಕಾಯೋಣ. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ಸರಕು ಗಾಡಿಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು, ಜಾರಿ 22ರಿಂದ. ತೆರಿಗೆ ಸೇರಿ ಎಂಟು ಲಕ್ಷವಿದ್ದ ಗಾಡಿ 7,37,500ಕ್ಕೆ ಬರಬೇಕು ಎಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವನು ಅದನ್ನು ಬಾಕ್ಸುಗಳಿಗೆ ಬದಲಾಯಿಸಿಕೊಂಡ. 2023ರ ಜುಲೈನಲ್ಲಿ ಹದಿನೈದು ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆ ದರದಲ್ಲಾದರೆ ಮೂವತ್ತು ಬಾಕ್ಸು. ರಸ್ತೆಗೆ ಸುರಿಯುವ ದರದಲ್ಲಾದರೆ ಲೆಕ್ಕ ಹಾಕುವುದೇ ಬೇಡ ಎಂದ.

ಸೆಪ್ಟೆಂಬರ್ ಕೊನೆಗೆ ಹಳೆಯ ಮುಖದ ಪಿಕಪ್ಪನ್ನೇ ಬುಕ್ ಮಾಡಿದೆವು. ಬಣ್ಣದ ಚರ್ಚೆ ಬರಲಿಲ್ಲ, ಬಿಳಿಯೇ. ಜಗಳ ಬಂದದ್ದು ಮುಂದಿನ ಗಾಜಿನ ಮೇಲೆ ಏನು ಬರೆಸುವುದು ಎಂಬುದಕ್ಕೆ. ಅಮ್ಮನಿಗೆ “ಶ್ರೀ ಕೋಲಾರಮ್ಮ ದೇವಿ ಪ್ರಸನ್ನ” ಆಗಬೇಕು, ತಮ್ಮನಿಗೆ ಮಗಳ ಹೆಸರು. ಸ್ಟಿಕ್ಕರಿನವನು ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳಿದ. ಮಗಳದು ಎರಡೇ ಅಕ್ಷರ ಎಂದು ತಮ್ಮ ಸಾಧಿಸಿದ. ದೇವರ ಹತ್ತಿರ ಚೌಕಾಸಿ ಮಾಡ್ತೀಯೇನೋ ಎಂದು ಅಮ್ಮ ರೇಗಿದರು. ಕೊನೆಗೆ ಎರಡನ್ನೂ ಬರೆಸಿ ಬಿಲ್ಲು ನನಗೆ ಕಳಿಸಿದರು.